ಕೆರೆಯ ಉಸಿರು



ಅಮರಕೋಶವು ನೀರಿಗೆ 'ಜೀವನ'ವೆಂದೂ 'ಅಮೃತ'ವೆಂದೂ ಹೆಸರು ಹೇಳುತ್ತದೆ. ಆ ಜೀವನಕ್ಕೇ ಬೆಂಕಿ ಹತ್ತಿದ ಸುದ್ದಿಯನ್ನು ನಾವು ಕೇಳಬೇಕಾಯಿತು. 2015ರಲ್ಲಿ, ಮತ್ತೆ 2017ರಲ್ಲಿ, ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ಉರಿಯೆದ್ದಿತು. ನಗರದ ಕೊಳಚೆ ಅಲ್ಲಿಗೆ ಹರಿದು, ನೊರೆ ರಸ್ತೆಗೆ ಹಾರುತ್ತಿತ್ತು.

ಕೆರೆ ಕೆಡುವುದು ವಿಷದಿಂದ ಮಾತ್ರವೆಂದು ತಿಳಿಯಬೇಡಿರಿ. ಅತಿಯಾದ ಅನ್ನದಿಂದಲೂ ಕೆಡುತ್ತದೆ. ಸೋಪಿನ ಪುಡಿ, ಹೊಲದ ಗೊಬ್ಬರ, ಬಚ್ಚಲ ನೀರು ಇವುಗಳಲ್ಲಿನ ರಂಜಕ, ಸಾರಜನಕಗಳನ್ನುಂಡು ಪಾಚಿ ಕೊಬ್ಬುತ್ತದೆ. ಅದು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯು ತೀರುತ್ತದೆ. ರಾತ್ರಿಯಾದರೆ ಬದುಕಿರುವ ಪಾಚಿಯೂ ಅದನ್ನೇ ಉಸಿರಾಡುತ್ತದೆ. ಆದ್ದರಿಂದಲೇ ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತವೆ. ಕೆರೆಯ ನಾಡಿ ನೋಡಬೇಕಾದವರು ಆ ಹೊತ್ತಿಗೇ ದಂಡೆಗೆ ಹೋಗಬೇಕು.

ಸಿದ್ಧರಾಮ ಶಿವಯೋಗಿಗಳು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಅಂಥವರ ಹೆಸರು ಹೇಳಿ, ಪಾದೋದಕವನ್ನು ಕಣ್ಣಿಗೊತ್ತಿಕೊಂಡು, ಬಾಡಿದ ಹೂಪತ್ರೆಗಳನ್ನು ಪ್ಲಾಸ್ಟಿಕ್ ಚೀಲ ಸಮೇತ ಕೆರೆಗೆ ಎಸೆಯುವುದು ಯಾವ ಭಕ್ತಿ? ಪೂಜೆಯ ಹೂವಾದರೂ ಕೊಳೆಯುವಾಗ ಆ ಉಸಿರನ್ನೇ ತಿನ್ನುತ್ತದೆ. ಮಠದ ತೋಟದಲ್ಲಿ ಗೊಬ್ಬರದ ಗುಂಡಿ ತೆಗೆಸಿದ್ದೇವೆ. ಈ ಜಾತ್ರೆಯಿಂದ ಅವನ್ನೆಲ್ಲ ಅಲ್ಲಿಗೇ ತಂದು ಹಾಕಿರಿ.