ಮನೆಯ ಬೆಕ್ಕಿನ ಹಲ್ಲು

ಬೆಕ್ಕಿನ ಹಲ್ಲನ್ನು ಕುರಿತು ಭಾಷಣಮಾಡುವೆವೆಂದು ನಾವು ಹೇಳಿದಾಗ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳತಕ್ಕವರಿಗೆ ಇದೆಲ್ಲಿಯ ವಿಷಯವೆಂದು ಮನೆಯವರೆಲ್ಲರೂ ನಕ್ಕರು. ನಗತಕ್ಕದ್ದೇ ಸರಿ. ಆದರೆ ನಾವು ಈ ವಿದ್ಯೆಯನ್ನು ಮೊದಲು ಪುಸ್ತಕದಿಂದ ಕಲಿತವರಲ್ಲ. ನಮ್ಮ ಮನೆಯ ಬೆಕ್ಕೊಂದು ನಮ್ಮ ಕಣ್ಣೆದುರಿಗೇ ತಿಂಗಳುಗಟ್ಟಲೆ ನೋವುಂಡ ಮೇಲೆ ಕಲಿತವರು. ಪುಸ್ತಕವನ್ನು ತೆಗೆದದ್ದು ಆಮೇಲೆ.

ಹುಳಿಯಾರಿನ ಕಡೆಯ ತೋಟದ ಮನೆಗಳನ್ನು ನೋಡಿದವರಿಗೆ ಅಲ್ಲಿ ಬೆಕ್ಕಿನ ಉದ್ಯೋಗವೇನೆಂಬುದನ್ನು ವಿವರಿಸಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳ ಕಾಲ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡನೆ ಸದ್ದುಮಾಡುವಾಗ ಅದು ಉಂಡೆ ಕೊಬ್ಬರಿಯೆನ್ನಿಸಿಕೊಳ್ಳುತ್ತದೆ. ಇಲಿ ಕೊರೆದ ಕಾಯಿ ಕೊಬ್ಬರಿಯಾಗದೆ ಕೊಳೆತುಹೋಗುತ್ತದೆ. ವರ್ಷದ ಆದಾಯವೆಲ್ಲ ತಲೆಯ ಮೇಲೆ ಕುಳಿತಿರುವ ಮನೆಗೆ ಬೆಕ್ಕೆಂಬುದು ವಿನೋದದ ವಸ್ತುವಲ್ಲ; ಸಂಬಳವಿಲ್ಲದ ಕಾವಲುಗಾರ.

ನಮ್ಮ ಸುಬ್ಬಿಯೂ ಅಂಥ ಕಾವಲಿನದೇ. ಒಂಬತ್ತು ವರ್ಷ ತುಂಬುವ ವೇಳೆಗೆ ಅದು ಅಟ್ಟವನ್ನೇರುವುದನ್ನು ಬಿಟ್ಟಿತು. ಹಾಲನ್ನದ ತಟ್ಟೆಯ ಬಳಿಗೆ ಆತುರದಿಂದ ಬರುವುದು, ಮೂಸುವುದು, ಒಂದು ತುತ್ತು ಬಾಯಿಗಿಟ್ಟು ತಲೆಯನ್ನೊಂದು ಕಡೆಗೆ ಓಲಿಸಿ ಅಗಿಯುವುದು, ಬಳಿಕ ಯಾರೋ ಹೊಡೆದಂತೆ ಹಿಂದಕ್ಕೆ ಹಾರುವುದು. ಮೈ ನೆಕ್ಕಿಕೊಳ್ಳುವುದು ಕಡಮೆಯಾಗಿ ಕೂದಲು ಜಡೆಗಟ್ಟಿತು. "ಮುದಿಯಾಯ್ತು ಕಣಪ್ಪ, ಅದಕ್ಕೂ ಸಾಕಾಗಿದೆ" ಎಂದರು ನಮ್ಮ ತಾಯಿಯವರು. ರಜೆಗೆಂದು ಊರಿಗೆ ಹೋಗಿದ್ದ ನಾವೂ ಹಾಗೆಯೇ ತಿಳಿದೆವು. ಎರಡು ಸಲ ರಜೆ ಬಂದು ಹೋಯಿತು. ಮೂರನೆಯ ಸಲ ಅದು ನಮ್ಮ ತೊಡೆಯ ಮೇಲೆ ಆಕಳಿಸಿದಾಗ ಹೊಡೆದ ದುರ್ವಾಸನೆಯಿಂದ ನಾವು ಅದರ ಬಾಯೊಳಗೆ ಇಣಿಕಿ ನೋಡುವಂತಾಯಿತು. ವಸಡುಗಳು ಕೆಂಪಗೆ ಬೀಗಿದ್ದುವು. ದವಡೆಹಲ್ಲುಗಳಿಗೆ ಕಂದುಬಣ್ಣದ ಗಾರೆ ಮೆತ್ತಿಕೊಂಡಿತ್ತು. ವೃದ್ಧಾಪ್ಯವೆಂದು ನಾವು ತಿಳಿದದ್ದು ಹಲ್ಲುನೋವು.

ಬೆಕ್ಕು ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ನಾಯಿ ಕುಂಯ್ಗುಟ್ಟೀತು, ಬೆಕ್ಕು ಮೂಲೆ ಸೇರಿ ಸುಮ್ಮನಾಗುತ್ತದೆ. ಆದಕಾರಣ ನೋಡಬೇಕಾದ ಭಾರ ನಮ್ಮದು.

ಮರಿಗೆ 26 ಹಾಲುಹಲ್ಲುಗಳು. ಆರು ತಿಂಗಳು ತುಂಬುವ ವೇಳೆಗೆ ಅವೆಲ್ಲ ಬಿದ್ದು 30 ಶಾಶ್ವತದಂತಗಳು ಬಂದಿರುತ್ತವೆ. ಇವುಗಳಲ್ಲಿ ನಮ್ಮವುಗಳಂತೆ ಅರೆಯತಕ್ಕದ್ದು ಒಂದೂ ಇಲ್ಲವೆಂದೇ ಹೇಳಬಹುದು. ದವಡೆಹಲ್ಲುಗಳು ಕತ್ತರಿಯ ಅಲಗುಗಳಂತೆ ಒಂದರ ಪಕ್ಕದಲ್ಲೊಂದು ಸರಿದು ಮಾಂಸವನ್ನು ತುಂಡರಿಸುತ್ತವೆ. ಸಿಹಿಯ ರುಚಿಯೇ ಬೆಕ್ಕಿಗೆ ತಿಳಿಯುವುದಿಲ್ಲ. ಅದನ್ನು ತಿಳಿಸುವ ಒಂದು ವಂಶಾಣು ಅದರಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಸಿದ್ಧವಾಯಿತು. ಮಕ್ಕಳ ಹಲ್ಲಿಗೆ ಹತ್ತುವ ಹುಳುಕು ಬೆಕ್ಕಿಗೆ ಅಪರೂಪ. ಅದರ ಶತ್ರುಗಳು ಬೇರೆ ಎರಡು.

ಮೊದಲನೆಯದು ಪಾಚಿ. ಉಂಡ ಮೇಲೆ ಹಲ್ಲಿನ ಬುಡದಲ್ಲಿ ಸೂಕ್ಷ್ಮಜೀವಿಗಳ ಲೋಳೆ ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಜೊಲ್ಲಿನಲ್ಲಿರುವ ಲವಣಗಳು ಸೇರಿ ಅದು ಗಾರೆಯಾಗುತ್ತದೆ. ಪಾಚಿಯನ್ನು ಬಟ್ಟೆಯಿಂದ ಒರಸಬಹುದು, ಗಾರೆಯನ್ನು ಒರಸಲಾಗದು. ಮನೆಯಲ್ಲಿ ಮಾಡತಕ್ಕ ಕೆಲಸದ ಗುಟ್ಟೆಲ್ಲ ಈ ಕೆಲವು ದಿನಗಳ ಅಂತರದಲ್ಲಿದೆ. ಎರಡನೆಯದು ಇನ್ನೂ ವಿಚಿತ್ರವಾದುದು. ಬೆಕ್ಕಿನ ದೇಹವೇ ತನ್ನ ಹಲ್ಲನ್ನು ಬುಡದಿಂದ ಕರಗಿಸಿಕೊಳ್ಳತೊಡಗುತ್ತದೆ. ವಸಡಿನ ಅಂಚಿನಲ್ಲಿ ಸಣ್ಣ ಕೆಂಪು ಚುಕ್ಕೆಯೊಂದು ಕಾಣುವುದಷ್ಟೆ. ಮುಟ್ಟಿದರೆ ದವಡೆ ಗಡಗಡನೆ ನಡುಗುತ್ತದೆ. ಇದರ ಕಾರಣವನ್ನು ವೈದ್ಯರು ಇನ್ನೂ ನಿಶ್ಚಯಿಸಿಲ್ಲ. ಉಜ್ಜುವುದರಿಂದ ಇದು ನಿಲ್ಲುವುದೆಂಬ ಭರವಸೆಯೂ ಇಲ್ಲ. ಆದರೆ ವಾರಕ್ಕೊಮ್ಮೆ ತುಟಿಯೆತ್ತಿ ನೋಡುವವನ ಕಣ್ಣಿಗೆ ಇದು ಬೇಗ ಬೀಳುತ್ತದೆ.

ಇಲಿಯ ಮೂಳೆ ಕಡಿಯುವ ಬೆಕ್ಕಿಗೆ ಇದೆಲ್ಲ ಏಕೆಂದು ಹಳ್ಳಿಯಲ್ಲಿ ಕೇಳುವುದುಂಟು. ನಾವೂ ಕೇಳಿದೆವು. 1998ರಲ್ಲಿ ಆಸ್ಟ್ರೇಲಿಯದಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ, ಬೇಟೆಯಾಡಿ ಬದುಕುವ ಕಾಡುಪಾಲಾದ ಬೆಕ್ಕುಗಳ ಹಲ್ಲಿನಲ್ಲಿ ಗಾರೆ ಕಡಮೆಯಿತ್ತು. ವಸಡಿನ ರೋಗವೋ ಮನೆಬೆಕ್ಕುಗಳಿಗಿಂತ ಕಡಮೆಯಾಗಿರಲಿಲ್ಲ.

ಇನ್ನು ಉಜ್ಜುವ ಕ್ರಮ. ಮೊದಲ ದಿನವೇ ಬ್ರಷ್ಷನ್ನು ಹಿಡಿದು ಹೋದವನು ಕೈ ಪರಚಿಸಿಕೊಂಡು ಬರುವನು. ನಮ್ಮ ಅನುಭವವೇ ಇದಕ್ಕೆ ಸಾಕ್ಷಿ. ಮೊದಲನೆಯ ವಾರ ಕೆನ್ನೆಯನ್ನು ತುರಿಸುತ್ತ ಮೇಲ್ದುಟಿಯನ್ನು ಒಂದು ಕ್ಷಣ ಎತ್ತಿದರೆ ಸಾಕು. ಕೂಡಲೆ ಅದು ಮೆಚ್ಚುವ ತಿನಿಸೊಂದನ್ನು ಕೊಡತಕ್ಕದ್ದು. ಎರಡನೆಯ ವಾರ, ಹಳೆಯ ಪಂಚೆಯ ಮೆತ್ತನೆಯ ಚೂರನ್ನು ಬೆರಳಿಗೆ ಸುತ್ತಿ, ನೀರಿನಲ್ಲಿ ಅದ್ದಿ, ಕೋರೆಹಲ್ಲನ್ನು ಸವರುವುದು. ಅದಕ್ಕೆ ಒಗ್ಗಿದ ಮೇಲೆ ಹಸುಮಕ್ಕಳ ಸಣ್ಣ ಮೆದು ಬ್ರಷ್. ಬಾಯನ್ನು ಅಗಲಿಸಬೇಕಾದುದಿಲ್ಲ, ಮುಚ್ಚಿದ ಬಾಯಿಯ ಕೆನ್ನೆಯ ಮಗ್ಗುಲಿನಿಂದಲೇ, ವಸಡಿನ ಅಂಚಿನಲ್ಲಿ, ಹಲ್ಲಿನ ಹೊರಮೈಯನ್ನು ಮಾತ್ರ ತಿಕ್ಕಿದರೆ ಆಯಿತು. ಒಳಮೈಯನ್ನು ಅದರ ದೊರಗು ನಾಲಿಗೆಯೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ದಿನಕ್ಕೊಂದು ಸಲ, ಅರ್ಧ ನಿಮಿಷ. ಬೆಕ್ಕು ಬೇಡವೆಂದ ದಿನ ಬಿಟ್ಟುಬಿಡುವುದು ಲೇಸು. ಹಿಡಿದು ಅದುಮಿದರೆ ಹಿಂದಿನ ತಿಂಗಳ ಶ್ರಮವೆಲ್ಲ ಒಂದೇ ದಿನದಲ್ಲಿ ನೀರುಪಾಲು. ಈಗಾಗಲೇ ವಸಡು ಬೀಗಿರುವ ಬೆಕ್ಕಿಗಂತೂ ವೈದ್ಯರಿಗೆ ತೋರಿಸುವ ತನಕ ಬ್ರಷ್ಷನ್ನು ಮುಟ್ಟಿಸಬಾರದು.

ಕಚ್ಚಿದರೆ ಅಲಕ್ಷ್ಯಮಾಡಬಾರದು. ಬೆಕ್ಕಿನ ಕೋರೆ ಸೂಜಿಯಂತೆ ಆಳಕ್ಕಿಳಿದು ಸೂಕ್ಷ್ಮಜೀವಿಗಳನ್ನು ಒಳಗೇ ಬಿಡುತ್ತದೆ. ಹುಚ್ಚಿನ ರೋಗದ ಭಯವೂ ಉಂಟು. ಹದಿನೈದು ನಿಮಿಷ ಸಾಬೂನುನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ನಮ್ಮ ದೇಶದಲ್ಲಿ ಮನೆಮದ್ದಿಗೆ ಕೊರತೆಯಿಲ್ಲ. ಸುಬ್ಬಿಯ ವರ್ತಮಾನ ಬೀದಿಗೆ ತಿಳಿದೊಡನೆ ಒಬ್ಬರು ಉಪ್ಪು ಇದ್ದಿಲಿನ ಪುಡಿಯನ್ನೂ, ಒಬ್ಬರು ಕೊಬ್ಬರಿಯೆಣ್ಣೆಯನ್ನೂ, ಮತ್ತೊಬ್ಬರು ಲವಂಗದ ಎಣ್ಣೆಯನ್ನೂ ಹೇಳಿದರು. ಕೊಬ್ಬರಿಯೆಣ್ಣೆ ವಿಷವಲ್ಲ, ಆದರೆ ಗಾರೆಗೆ ಅದು ಮದ್ದೂ ಅಲ್ಲ; ಹೆಚ್ಚಾದರೆ ಹೊಟ್ಟೆ ಕೆಡುವುದು. ನಮ್ಮ ಸೀಮೆಯವರಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಲವಂಗದ ಎಣ್ಣೆಯನ್ನಂತೂ ಮುಟ್ಟಿಸಲೇಬಾರದು. ಅದರ ಸತ್ತ್ವವನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ನಮ್ಮ ಟೂತ್‌ಪೇಸ್ಟೂ ಕೂಡದು, ಬೆಕ್ಕು ಬಾಯಿ ಮುಕ್ಕಳಿಸಿ ಉಗುಳುವ ಪ್ರಾಣಿಯಲ್ಲವಷ್ಟೆ. ಇವೆಲ್ಲಕ್ಕಿಂತ ಭಯಂಕರವಾದುದು ಪ್ಯಾರಸಿಟಮಾಲ್. ಮಗುವಿಗೆ ಕೊಡುವ ಮಾತ್ರೆ ಬೆಕ್ಕಿಗೇಕೆ ಬೇಡವೆಂದು ನಮ್ಮ ಬಂಧುಗಳೊಬ್ಬರು ಅರ್ಧ ಮಾತ್ರೆಯನ್ನು ಬೆಲ್ಲದಂತೆ ಪುಡಿಮಾಡಿ ಹಾಲಿಗೆ ಬೆರಸಿ ಇಟ್ಟಿದ್ದರು. ಬಾಯಿ ನೋಯುತ್ತಿದ್ದುದರಿಂದ ಸುಬ್ಬಿ ಅದನ್ನು ಮುಟ್ಟಲಿಲ್ಲ. ಆ ಮದ್ದು ಬೆಕ್ಕಿನ ರಕ್ತಕಣಗಳನ್ನೇ ಕೆಡಿಸಿ ಉಸಿರು ಕಟ್ಟಿಸುವುದೆಂದೂ, ಒಂದು ಮಾತ್ರೆ ಒಂದು ಪ್ರಾಣಕ್ಕೆ ಸಾಕೆಂದೂ ನಮಗೆ ತಿಳಿದದ್ದು ಹತ್ತು ದಿನಗಳಾದ ಮೇಲೆ. ಆ ಹಾಲಿನ ಬಟ್ಟಲು ಈಗಲೂ ಒಮ್ಮೊಮ್ಮೆ ನಮ್ಮ ಕಣ್ಣಮುಂದೆ ಬರುತ್ತದೆ.

ಡಾಕ್ಟರ್ ಜಾನ್ಸನ್ನನು ತನ್ನ ಬೆಕ್ಕು ಹಾಡ್ಜ್‌ಗೆಂದು ತಾನೇ ಪೇಟೆಗೆ ಹೋಗಿ ಸಿಂಪಿಗಳನ್ನು ಕೊಂಡು ತರುತ್ತಿದ್ದನೆಂದು ಬಾಸ್ವೆಲ್ಲನು ಬರೆದಿದ್ದಾನೆ. ಆಳುಗಳನ್ನು ಕಳುಹಿಸಿದರೆ ಅವರಿಗೆ ಬೆಕ್ಕಿನ ಮೇಲೆ ಬೇಸರ ಹುಟ್ಟೀತೆಂದು ಆತನ ಶಂಕೆ. ಇದನ್ನು ವರ್ಷವರ್ಷವೂ ಪಾಠ ಹೇಳುತ್ತಿದ್ದ ನಾವು ನಮ್ಮ ಬೆಕ್ಕಿನ ಬಾಯನ್ನು ಒಂಬತ್ತು ವರ್ಷ ನೋಡಿರಲಿಲ್ಲ.

ಕಟ್ಟಕಡೆಗೆ ಸುಬ್ಬಿಯನ್ನು ಬುಟ್ಟಿಯಲ್ಲಿ ಕೂರಿಸಿ ಬೆಂಗಳೂರಿಗೆ ಕರೆದೊಯ್ದೆವು. ಗಾರೆಯನ್ನು ಕೆರೆಯುವುದಕ್ಕೂ ಹಲ್ಲಿನ ಬುಡವನ್ನು ಎಕ್ಸ್‌ರೇಯಲ್ಲಿ ನೋಡುವುದಕ್ಕೂ ಬೆಕ್ಕಿಗೆ ಮತ್ತುಕೊಟ್ಟು ಮಲಗಿಸಬೇಕು. ಎಚ್ಚರವಿರುವಾಗಲೇ ಮೇಲುಮೇಲೆ ಕೆರೆದುಕಳುಹಿಸಿದರೆ ವಸಡಿನೊಳಗಿನದು ಹಾಗೆಯೇ ಉಳಿಯುತ್ತದೆ. ನಾಲ್ಕು ಹಲ್ಲುಗಳನ್ನು ತೆಗೆದರು. ಅವುಗಳಲ್ಲಿ ಎರಡು ಬುಡದಲ್ಲಿ ಕರಗಿ ಮೊಂಡಾಗಿದ್ದುವು. ಎರಡು ವಾರ ಮೆತ್ತನೆಯ ಆಹಾರ. ಮೂರನೆಯ ವಾರ ನಮ್ಮ ತಾಯಿಯವರು ದೂರವಾಣಿಯಲ್ಲಿ, "ನಿನ್ನ ಮುದುಕಿ ರಾತ್ರಿಯೆಲ್ಲ ಅಟ್ಟದ ಮೇಲೆ ಧಡಧಡ ಅಂತಿದ್ದಾಳೆ, ನಿದ್ದೆಯಿಲ್ಲ" ಎಂದು ದೂರುಕೊಟ್ಟರು. ಈಗ ಬ್ರಷ್ ಹಿಡಿಯುವವರು ಅವರೇ. ನಮಗಿಂತ ಅವರ ಕೈಗೇ ಸುಬ್ಬಿ ಸುಲಭವಾಗಿ ತುಟಿಯೆತ್ತಗೊಡುತ್ತದೆ.