ಮರಳುನಾಡಿನ ಹಿತ್ತಲಲ್ಲಿ ವಸಂತ



ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಲೈನ್ ಮನೆಗಳ ನಲ್ಲಿಯ ಮುಂದೆ ಕೊಡಗಳ ಸಾಲು. ಮಳೆಗಾಲದಲ್ಲಿ ಹರವಿದ ಬಟ್ಟೆ ವಾರವಾದರೂ ಒಣಗದ ಗುಡ್ಡ ನಮ್ಮದು. ಬೇಸಿಗೆಯಲ್ಲಿ ಹಿತ್ತಲಿನ ಬದನೆ ಗಿಡ ಬಾಡಿ ತಲೆ ತೂಗುತ್ತದೆ. ಆದ್ದರಿಂದ ಮಳೆಯೇ ಅಪರೂಪವಾದ ನಾಡಿನ ಹಿತ್ತಲು ಹೇಗಿರುತ್ತದೆಂದು ಇವತ್ತು ಹೇಳುತ್ತೇನೆ. ಅದು ರಾಜಸ್ಥಾನದ ಥಾರ್ ಮರುಭೂಮಿ. ಜೈಸಲ್ಮೇರಿನಲ್ಲಿ ವರ್ಷದ ಮಳೆ 200 ಮಿಲಿಮೀಟರಿನ ಆಸುಪಾಸು, ಅದರಲ್ಲೂ ಬಹುಪಾಲು ಜುಲೈಯಿಂದ ಸೆಪ್ಟೆಂಬರಿನೊಳಗೆ. ವಸಂತದಲ್ಲಿ ಒಂದು ಹನಿಯೂ ಖಾತ್ರಿಯಿಲ್ಲ.

ಆದರೂ ಅಲ್ಲಿ ಗಿಡಗಳು ಹೂ ಬಿಡುತ್ತವೆ. ಚಳಿ ಇಳಿಯುತ್ತಲೇ ರೋಹಿಡಾ ಮರದ ತುಂಬ ಹಳದಿ, ಕಿತ್ತಳೆ, ಕೆಂಪು ಹೂ. ಬೇಲಿ ಬದಿಯ ಕೇರ್ ಗಿಡಕ್ಕೆ ಎಲೆಯೇ ಇಲ್ಲವೆನ್ನಬಹುದು. ಹಸಿರು ಕಡ್ಡಿಗಳೇ ಎಲೆಯ ಕೆಲಸ ಮಾಡುತ್ತವೆ. ಅದರ ಪುಟ್ಟ ಕಾಯಿ ಕಹಿ. ಹೆಂಗಸರು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ಕೆಲವು ದಿನ ನೆನೆಹಾಕಿ ಕಹಿ ತೆಗೆದು ಒಣಗಿಸಿಡುತ್ತಾರೆ. ಚಳ್ಳೆ ಮರವಿದ್ದರೆ ಅದರ ಹಸಿಕಾಯಿ ಉಪ್ಪಿನಕಾಯಿಗೆ. ಬೋರೆ ಗಿಡದ್ದು ಬೇರೆ ಲೆಕ್ಕ: ಚಳಿಗಾಲದಲ್ಲೇ ಹಣ್ಣು ಕೊಟ್ಟು ಮುಗಿಸಿ, ಬಿಸಿಲೇರಿದಾಗ ಎಲೆ ಉದುರಿಸಿ ಮಲಗಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಆಸರೆ ಖೇಜ್ರಿ ಮರ. ಹೆಸರು ಹೊಸದೆನ್ನಬೇಡಿ, ಬಯಲುಸೀಮೆಯವರು ದಸರೆಯಲ್ಲಿ ಎಲೆ ಹಂಚಿಕೊಳ್ಳುವ ಬನ್ನಿ ಮರವೇ ಇದು. ಸುತ್ತೆಲ್ಲ ಒಣಗಿರುವಾಗ ಇದು ಚಿಗುರುತ್ತದೆ, ಬೇರು ಅಷ್ಟು ಆಳಕ್ಕಿಳಿದಿರುತ್ತದೆ. ಎಲೆ ಆಡು ಒಂಟೆಗಳಿಗೆ, ಎಳೆಕಾಯಿ ಸಾಂಗ್ರಿ ಎಂಬ ಹೆಸರಿನಲ್ಲಿ ಅಡಿಗೆಗೆ. ಅದರ ಕೆಳಗೆ ಸಜ್ಜೆಯೂ ಹುಲುಸಾಗಿ ಬರುತ್ತದೆ. 1899-1900ರ ಕ್ಷಾಮದಲ್ಲಿ ಜನ ಅದರ ತೊಗಟೆಯನ್ನೇ ಕುಟ್ಟಿ ಹಿಟ್ಟು ಮಾಡಿ ತಿಂದು ಜೀವ ಹಿಡಿದರು. 1730ರಲ್ಲಿ ಜೋಧಪುರದ ಬಳಿ ಖೇಜಡ್ಲಿಯಲ್ಲಿ ಅರಸನ ಆಳುಗಳು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಎಂಬ ತಾಯಿ ಮರವನ್ನಪ್ಪಿ ಪ್ರಾಣ ಕೊಟ್ಟಳು. ಅವಳೂ ಸೇರಿ 363 ಬಿಷ್ಣೋಯಿ ಜನ ಸತ್ತರು. ಇಂಥ ಮರವೂ ಈಗ ಎಷ್ಟೋ ಕಡೆ ಒಣಗುತ್ತಿದೆ. ಕೊಳವೆಬಾವಿಗಳು ನೆಲದ ನೀರನ್ನು ಕೆಳಕ್ಕಿಳಿಸಿವೆ, ಟ್ರ್ಯಾಕ್ಟರು ಬೇರನ್ನು ಗಾಯ ಮಾಡುತ್ತದೆ, ಬೇರು ಕೊರೆಯುವ ಹುಳು ಹೊಕ್ಕಿದೆ.

ಸರಿ, ಬೇರು ಆಳಕ್ಕಿಳಿಯುವ ತನಕ ಸಸಿಗೆ ನೀರೆಲ್ಲಿಂದ? ಅಲ್ಲಿಯವರು ಅಂಗಳವನ್ನು ಇಳಿಜಾರು ಮಾಡಿ, ಮಳೆನೀರನ್ನು ಟಾಂಕಾ ಎಂಬ ನೆಲದೊಳಗಿನ ತೊಟ್ಟಿಗೆ ಇಳಿಸಿ ಮುಚ್ಚಿಡುತ್ತಾರೆ. ಅದು ಮೊದಲು ಕುಡಿಯುವುದಕ್ಕೆ. ಗಿಡಕ್ಕೆ ಸಿಗುವುದು ಸ್ವಲ್ಪವೇ, ಆ ಸ್ವಲ್ಪಕ್ಕೂ ಒಂದು ಉಪಾಯವಿದೆ. ಸಸಿಯ ಪಕ್ಕದಲ್ಲಿ ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚುವುದು. ನೀರು ಮಡಕೆಯ ಮೈಯಿಂದ ಒಸರುತ್ತದೆ. ಮಣ್ಣು ಒಣಗಿದ್ದರೆ ಹೆಚ್ಚು, ತೇವವಿದ್ದರೆ ಕಡಿಮೆ. ಬೇರು ತಾನಾಗಿ ಮಡಕೆಯ ಕಡೆಗೆ ಬರುತ್ತದೆ. ಮೇಲಿಂದ ಸುರಿದರೆ ಬಿಸಿಲಿನ ಪಾಲಾಗುವ ನೀರು ಹೀಗೆ ಉಳಿಯುತ್ತದೆ.

ಇಲ್ಲಿ ಬನ್ನಿ ಮರ ನೆಡಿ ಎನ್ನುತ್ತಿಲ್ಲ; ನಮ್ಮ ತೇವದ ಗುಡ್ಡ ಅದಕ್ಕೆ ಹಿಡಿಸದು. ಆದರೆ ಹಳೆಯ ಮಡಕೆ ಯಾರ ಮನೆಯಲ್ಲಿಲ್ಲ? ಬದನೆ, ಟೊಮೆಟೊ ಬುಡಕ್ಕೆ ಒಂದೊಂದು ಹೂಳಿ, ಸುತ್ತ ಒಣಗಿದ ಎಲೆ ಹೊದಿಸಿ. ಸೋಪಿನ ನೀರು ಹಾಕಬೇಡಿ, ಮಡಕೆ ಒಸರುವುದು ಕಟ್ಟಿಹೋಗುತ್ತದೆ. ಮುಚ್ಚಳ ಮರೆತರೆ ಸೊಳ್ಳೆ ಸಾಕಿದಂತೆ. ಇನ್ನು ನಲ್ಲಿಯ ನೀರಿನ ಮಾತು: ಕುಡಿಯುವ ನೀರು ಕೊಡುವುದು ತೋಟದವರ ಹೊಣೆ, ಆ ಬೇಡಿಕೆಯನ್ನು ಮಡಕೆಯ ಜೊತೆ ಹೂಳುವವನು ನಾನಲ್ಲ.

ಎರಡು ಮಡಕೆ ತಂದಿದ್ದೇನೆ. ಕೂಟ ಮುಗಿದ ಮೇಲೆ ಹಿಂದಿನ ಪಾತಿಯ ಹತ್ತಿರ ಸೇರೋಣ, ಹೂಳುವ ಬಗೆ ತೋರಿಸುತ್ತೇನೆ.