ಹತ್ತು ರೂಪಾಯಿ ದಂಡ

ಇವತ್ತು ಹತ್ತು ರೂಪಾಯಿ ಬಗ್ಗೆ ಮಾತಾಡೋಣ.

ಹತ್ತು ರೂಪಾಯಿಗೆ ಈಗ ಏನು ಬರುತ್ತೆ? ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಒಂದು ಟೀ ಬರಬಹುದು, ಅದೂ ಸಣ್ಣ ಲೋಟದಲ್ಲಿ. ಆದರೆ ಒಂದು ಎತ್ತನ್ನು ಹೊಡೆದು, ಕಾಲು ಕಟ್ಟಿ, ಅಲುಗಾಡೋಕೂ ಜಾಗವಿಲ್ಲದ ಹಾಗೆ ಲಾರಿಯೊಳಗೆ ತುರುಕಿ, ನೀರು ಮೇವು ಕೊಡದೆ ರಾತ್ರಿಯೆಲ್ಲ ಸಾಗಿಸಿದರೆ, ಆ ಹಿಂಸೆಗೆ ನಮ್ಮ ಕಾನೂನು ಕಟ್ಟಿರುವ ಬೆಲೆ ಎಷ್ಟು ಗೊತ್ತಾ? ಕನಿಷ್ಠ ಹತ್ತು ರೂಪಾಯಿ, ಗರಿಷ್ಠ ಐವತ್ತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 11ನೇ ಸೆಕ್ಷನ್. ಮೂರು ವರ್ಷದೊಳಗೆ ಅದೇ ತಪ್ಪು ಇನ್ನೊಮ್ಮೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ ಐವತ್ತು ರೂಪಾಯಿ ಅಂದರೆ ದೊಡ್ಡ ದುಡ್ಡೇ. ಆಮೇಲೆ ಚಿನ್ನದ ಬೆಲೆ ಏರಿತು, ದನದ ಬೆಲೆ ಏರಿತು, ಹೆಲ್ಮೆಟ್ ಹಾಕದಿದ್ದರೆ ಕಟ್ಟೋ ದಂಡವೂ ಏರಿತು. ಇದೊಂದು ಮಾತ್ರ ಅಲ್ಲೇ ನಿಂತಿದೆ.

ಇನ್ನೊಂದು ಕಡೆ ನೋಡಿ. ನಮ್ಮ ರಾಜ್ಯದ 2020ರ ಜಾನುವಾರು ಹತ್ಯೆ ತಡೆ ಮತ್ತು ಸಂರಕ್ಷಣೆ ಕಾಯ್ದೆ, 2021ರ ಜನವರಿ 18ರಿಂದ ಜಾರಿಯಲ್ಲಿದೆ. ಹಸು, ಕರು, ಹೋರಿ, ಎತ್ತು, ಯಾವುದನ್ನೂ ಕಡಿಯುವ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ ಐದು ಲಕ್ಷದವರೆಗೆ ದಂಡ. ಕೊಂದರೆ ಐದು ಲಕ್ಷ, ನರಳಿಸಿದರೆ ಹತ್ತು ರೂಪಾಯಿ. ಈ ಎರಡು ಅಂಕಿಗಳ ನಡುವೆ ಒಂದು ಪ್ರಾಣಿ ನಿಂತಿದೆ. ಇವತ್ತಿನ ಮಾತು ಅದರದ್ದು.

ಗೋಹತ್ಯೆ ನಿಷೇಧ ಸರಿಯೋ ತಪ್ಪೋ ಅಂತ ನಾನಿಲ್ಲಿ ತೀರ್ಪು ಕೊಡಲ್ಲ. ಅದಕ್ಕೆ ಬೇಕಾದಷ್ಟು ಡಿಬೇಟ್ ಆಗಿದೆ, ಇನ್ನೂ ಆಗುತ್ತೆ. ಆದರೆ ಆ ಡಿಬೇಟುಗಳನ್ನು ಒಮ್ಮೆ ಸೌಂಡ್ ಆಫ್ ಮಾಡಿ ನೋಡಿ. ಎಡಗಡೆ ಒಬ್ಬರು, ಬಲಗಡೆ ಒಬ್ಬರು, ಹಿಂದೆ ಲಾರಿಯ ದೃಶ್ಯ. ಟಾರ್ಪಾಲಿನ ಸಂದಿಯಲ್ಲಿ ಒಂದು ಕಣ್ಣು, ಒಂದು ಮುರಿದ ಕೊಂಬು. ಇಬ್ಬರೂ ಆ ಕಡೆ ತಿರುಗಿ ನೋಡಲ್ಲ. ಕೊಲ್ಲಬಹುದಾ ಬೇಡವಾ ಅನ್ನೋ ಪ್ರಶ್ನೆಯ ಜೋರಿನಲ್ಲಿ, ಬದುಕಿರುವಷ್ಟು ಹೊತ್ತು ಅದನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನೋ ಪ್ರಶ್ನೆ ಕೇಳಿಸೋದೇ ಇಲ್ಲ.

ಇದನ್ನು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ತಗೊಂಡು ಹೋಗಿ ನೋಡೋಣ. ಯಾಕೆ ಅಲ್ಲಿಗೇ? ದನವನ್ನು ಅತ್ಯಂತ ಚೆನ್ನಾಗಿ ನೋಡಿಕೊಳ್ಳುವ ಜನ ಇರೋದು ಅಲ್ಲಿ. ದನ ಸಾಕೋದೇ ಕಷ್ಟವಾದ ನೆಲವೂ ಅದೇ.

ಬಯಲುಸೀಮೆಯ ಈ ಭಾಗದ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ನನ್ನಿವಾಳದಂಥ ಕಟ್ಟೆಮನೆಗಳ ಹೆಸರು ನೀವು ಕೇಳಿರಬಹುದು. ಈ ಎತ್ತುಗಳಿಗೆ ನೊಗ ಹೂಡಲ್ಲ, ಇವನ್ನು ಮಾರಲ್ಲ. ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ವಿಧಿಪೂರ್ವಕ ಮಣ್ಣು ಮಾಡ್ತಾರೆ. ಇವನ್ನು ಕಾಯುವವನು ಕಿಲಾರಿ. ಹಗಲು ರಾತ್ರಿ ದನದ ಜೊತೆಗೇ ಅವನ ಬದುಕು. ಮಳೆ ಇಲ್ಲದ ವರ್ಷ ಮೇವು ಹುಡುಕಿಕೊಂಡು ಅವುಗಳ ಜೊತೆಗೇ ಊರು ಬಿಡ್ತಾನೆ. ಅವನು ದನ ಹೊಡೆಯೋದನ್ನು ನೋಡಿದ್ದೀರಾ? ಹೊಡೆಯೋದು ಅಂದರೆ ಬಾರಿಸೋದಲ್ಲ. ನಮ್ಮ ಕಡೆ ‘ದನ ಹೊಡ್ಕೊಂಡು ಹೋಗೋದು’ ಅಂದರೆ ನಡೆಸಿಕೊಂಡು ಹೋಗೋದು, ಅಷ್ಟೇ. ಒಂದು ಕೂಗು, ಒಂದು ಸಿಳ್ಳೆ. ಎಲ್ಲಿ ನಿಂತರೆ ಮಂದೆ ಯಾವ ಕಡೆ ತಿರುಗುತ್ತೆ ಅನ್ನೋದು ಅವನಿಗೆ ಗೊತ್ತು, ಅಲ್ಲಿ ಹೋಗಿ ನಿಲ್ತಾನೆ. ಕೋಲು ಹೆಗಲ ಮೇಲೇ ಇರುತ್ತೆ.

ಈಗ ಇದೇ ನೆಲದ ಇನ್ನೊಂದು ಮುಖ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು ಇವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಆಗ ಉಳಿದ ತಾಲ್ಲೂಕುಗಳಿಗೆ ಅದು ಸುದ್ದಿ, ಇವರಿಗೆ ಅಭ್ಯಾಸ. ಶೇಂಗಾ ಕೈಕೊಟ್ಟರೆ ಹೊಟ್ಟೂ ಇಲ್ಲ, ಬಳ್ಳಿಯೂ ಇಲ್ಲ. ಇದ್ದ ಗೋಮಾಳ, ಕಾವಲುಗಳೂ ಕರಗಿವೆ. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಗಳಿಗೆ ಅಂತ ಬಿಟ್ಟಿದ್ದ ಹುಲ್ಲುಗಾವಲು, ಹೈದರ್, ಟಿಪ್ಪು ಸೈನ್ಯದ ತೋಪು ಎಳೆದ ತಳಿಯ ಮೇವಿನ ನೆಲ. ಅದರಲ್ಲಿ ಖುದಾಪುರ, ಉಳ್ಳಾರ್ತಿ ಸುತ್ತಮುತ್ತ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ಕಾಂಪೌಂಡ್ ಗೋಡೆ ಎದ್ದಿತು. ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ದೇಶಕ್ಕೆ ಆ ಸಂಸ್ಥೆಗಳು ಬೇಕು, ಸರಿ. ಆದರೆ ಗೋಡೆಯ ಈ ಕಡೆ ನಿಂತ ದನಕ್ಕೆ ಆ ಮಾತು ಮೇವಾಗಲ್ಲ.

ಅಲ್ಲಿಯ ರೈತ ಏನು ಮಾಡಬೇಕು? ಮನೆಯಲ್ಲಿ ಒಂದು ಮುದಿ ಎತ್ತು. ಹತ್ತು ವರ್ಷ ಹೊಲ ಉತ್ತಿದೆ. ಹಿಂದೆ ಅದನ್ನು ಸಂತೆಯಲ್ಲಿ ಮಾರಿ, ಆ ದುಡ್ಡಿಗೆ ಒಂದಿಷ್ಟು ಸೇರಿಸಿ ಹೊಸ ಜೋಡಿ ತರ್ತಿದ್ದ. ಈಗ ಸಂತೆಯಲ್ಲಿ ಹಗಲು ಹೊತ್ತಿನಲ್ಲಿ ಮುದಿ ಎತ್ತಿಗೆ ಗಿರಾಕಿ ಇಲ್ಲ. ಬರೋ ಗಿರಾಕಿ ರಾತ್ರಿ ಬರ್ತಾನೆ. ಮೊಳಕಾಲ್ಮೂರಿನ ಪಕ್ಕದಲ್ಲೇ ಆಂಧ್ರದ ಗಡಿ, ರಾಯದುರ್ಗ. ಕತ್ತಲಲ್ಲಿ ಹೋಗೋ ಗಾಡಿಗೆ ಪಶುವೈದ್ಯರ ಸರ್ಟಿಫಿಕೇಟ್ ಇಲ್ಲ, ನೀರಿನ ತೊಟ್ಟಿ ಇಲ್ಲ, ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ. ಎಷ್ಟು ಬೇಗ ತುಂಬಿದರೆ ಅಷ್ಟು ಒಳ್ಳೇದು, ಎಷ್ಟು ಹೆಚ್ಚು ತುಂಬಿದರೆ ಅಷ್ಟು ಲಾಭ. ಬಾಲ ತಿರುಚೋದು, ಕಣ್ಣಿಗೆ ಖಾರದಪುಡಿ ಎರಚೋದು, ಇವೆಲ್ಲ ಕ್ರೌರ್ಯಕ್ಕಿಂತ ಹೆಚ್ಚಾಗಿ ಅವಸರದ ಕೆಲಸ. ಮುಚ್ಚಿಟ್ಟು ನಡೆಯೋ ವ್ಯವಹಾರದಲ್ಲಿ ಮೊದಲು ಸಾಯೋದು ನಿಯಮ.

ನಿಯಮ ಇಲ್ಲ ಅಂತಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳನ್ನು ಓದಿದರೆ ಆಶ್ಚರ್ಯ ಆಗುತ್ತೆ. ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನ ಹತ್ತಿಸಬಾರದು. ನೆಲಕ್ಕೆ ಜಾರದ ಹಾಗೆ ನಾರಿನ ಚಾಪೆ ಅಥವಾ ಹಲಗೆ, ಪಕ್ಕಗಳಿಗೆ ಮೆತ್ತೆ. ಹೆದರಬಾರದು ಅಂತ ದನದ ಮುಖ ಇಂಜಿನ್ ಕಡೆಗಿರಬೇಕು. ಜೊತೆಗೊಬ್ಬ ಆಳು. 2016ರಿಂದ ಮೋಟಾರು ವಾಹನ ನಿಯಮದಲ್ಲೂ ಒಂದು ದನಕ್ಕೆ ಎರಡು ಚದರ ಮೀಟರ್ ಜಾಗ ಅಂತ ಬಂದಿದೆ. ಇನ್ನು ಕಸಾಯಿಖಾನೆಗೆ 2001ರ ನಿಯಮಗಳು: ಗಬ್ಬದ ಪ್ರಾಣಿ ಕೂಡದು, ಮೂರು ತಿಂಗಳೊಳಗಿನ ಮರಿ ಇರುವ ತಾಯಿ ಕೂಡದು. ಕಡಿಯುವ ಮೊದಲು 24 ಗಂಟೆ ವಿಶ್ರಾಂತಿ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯಬಾರದು. ಒಬ್ಬ ಪಶುವೈದ್ಯ ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷೆ ಮಾಡಬಾರದು. ಬರೆದವರು ಪುಣ್ಯಾತ್ಮರು. ಮುರಿದವರಿಗೆ ಮಾತ್ರ ದೊಡ್ಡ ದಂಡದ ಭಯ ಇಲ್ಲ.

ಒಂದು ಮಾತು ಕೇಳ್ತಾರೆ: ಹೇಗಿದ್ದರೂ ಸಾಯೋಕೆ ಹೋಗೋ ಪ್ರಾಣಿ, ಅದಕ್ಕೆ ಮೆತ್ತೆ ಯಾಕೆ, ವಿಶ್ರಾಂತಿ ಯಾಕೆ?

ಇದಕ್ಕೆ ಉತ್ತರ ಕೊಟ್ಟವರು ಟೆಂಪಲ್ ಗ್ರ್ಯಾಂಡಿನ್ ಅನ್ನೋ ಅಮೆರಿಕದ ಹೆಣ್ಣುಮಗಳು. 1947ರಲ್ಲಿ ಹುಟ್ಟಿದವರು. ಆಟಿಸಂ ಇದ್ದ ಮಗು, ಮೂರು ವರ್ಷ ದಾಟಿದರೂ ಮಾತು ಬಂದಿರಲಿಲ್ಲ. ಮುಂದೆ ಕೊಲರಾಡೋದ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಎಪ್ಪತ್ತರ ದಶಕದಲ್ಲಿ ಅರಿಜೋನಾದ ದನದ ಯಾರ್ಡುಗಳಲ್ಲಿ, ದನ ಯಾಕೆ ಮುಂದಕ್ಕೆ ಹೋಗದೆ ನಿಲ್ಲುತ್ತೆ ಅಂತ ತಿಳಿಯೋಕೆ, ಇವರು ದನ ಹೋಗೋ ಓಣಿಯೊಳಗೇ ಇಳಿದು ಅದರ ಕಣ್ಣಿನ ಎತ್ತರದಿಂದ ನೋಡಿದರು. ಏನು ಕಾಣಿಸ್ತು? ನೇತಾಡೋ ಒಂದು ಸರಪಳಿ. ನೆಲದ ಮೇಲೆ ಒಂದು ನೆರಳು. ನೀರಿನಲ್ಲಿ ಹೊಳೆಯೋ ಬೆಳಕು. ಬೇಲಿ ಮೇಲೆ ಯಾರೋ ಹಾಕಿದ ಅಂಗಿ. ದನಕ್ಕೆ 300 ಡಿಗ್ರಿಗೂ ಹೆಚ್ಚು ಸುತ್ತ ಕಾಣುತ್ತೆ, ಆದರೆ ಆಳ ಸರಿಯಾಗಿ ತಿಳಿಯಲ್ಲ. ನೆರಳು ಅದಕ್ಕೆ ಗುಂಡಿಯ ಹಾಗೆ ಕಾಣಬಹುದು. ನಾವು ಅದನ್ನು ಹಠ ಅಂತೀವಿ, ಹೊಡೀತೀವಿ. ಸರಪಳಿ ತೆಗೆದರೆ ಅದು ತಾನಾಗೇ ನಡೀತದೆ.

ನಾನು ಇಂಜಿನಿಯರಿಂಗ್ ಓದಿ ಕ್ಯಾಮೆರಾ ಮುಂದೆ ಬಂದವನು. ಓದಿದ್ದು ಕೆಲಸಕ್ಕೆ ಬರೋದು ಅಪರೂಪ, ಇಲ್ಲಿ ಬಂತು. ಗ್ರ್ಯಾಂಡಿನ್ ಕನಿಕರದ ಭಾಷಣ ಮಾಡಲಿಲ್ಲ, ಡಿಸೈನ್ ಬದಲಾಯಿಸಿದರು. ನೇರ ಓಣಿಯ ಬದಲು ಬಾಗಿದ ಓಣಿ, ಪಕ್ಕದಲ್ಲಿ ಸಂದಿಯಿಲ್ಲದ ಗೋಡೆ, ಜಾರದ ನೆಲ. ಆಮೇಲೆ ಎಣಿಸೋಕೆ ಶುರು ಮಾಡಿದರು. ನೂರು ದನ ಹೋಗುವಾಗ ಎಷ್ಟು ದನ ಅರಚಿದವು? ಮೂರಕ್ಕಿಂತ ಹೆಚ್ಚಾದರೆ ಆ ಕಸಾಯಿಖಾನೆ ಫೇಲ್. ಇಂಥ ಲೆಕ್ಕ ಇಟ್ಟುಕೊಂಡು 1999ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ತನಗೆ ಮಾಂಸ ಕೊಡುವವರ ತಪಾಸಣೆ ಶುರು ಮಾಡಿತು. ಭಾಷಣಕ್ಕೆ ಬಗ್ಗದವರು ಆರ್ಡರ್ ಕೈತಪ್ಪೋ ಭಯಕ್ಕೆ ಬಗ್ಗಿದರು.

ಮಾಂಸದ ವ್ಯಾಪಾರಿಗೂ ಇದರಲ್ಲಿ ಲಾಭ ಇದೆ. ಹೆದರಿದ, ದಣಿದ ಪ್ರಾಣಿಯ ಸ್ನಾಯುವಿನಲ್ಲಿದ್ದ ಸಕ್ಕರೆಯ ಸಂಗ್ರಹ ಖಾಲಿಯಾಗಿರುತ್ತೆ. ಸತ್ತ ಮೇಲೆ ಮಾಂಸದಲ್ಲಿ ಹುಟ್ಟಬೇಕಾದ ಆಮ್ಲ ಹುಟ್ಟಲ್ಲ. ಮಾಂಸ ಕಪ್ಪಾಗುತ್ತೆ, ಬಿರುಸಾಗುತ್ತೆ, ಬೇಗ ಕೆಡುತ್ತೆ. ಆ 24 ಗಂಟೆಯ ವಿಶ್ರಾಂತಿ ಬರೀ ದಯೆಯಲ್ಲ, ತಿನ್ನುವವರ ಆರೋಗ್ಯದ ಲೆಕ್ಕವೂ ಹೌದು.

ಈಗ ಕಿಲಾರಿಯನ್ನು ನೆನಪಿಸಿಕೊಳ್ಳಿ. ದನದ ಹೆಗಲಿನ ಹಿಂದೆ ನಿಂತರೆ ಅದು ಮುಂದಕ್ಕೆ ಹೋಗುತ್ತೆ, ಹೆಗಲಿನ ಮುಂದೆ ನಿಂತರೆ ಹಿಂದಕ್ಕೆ ಸರಿಯುತ್ತೆ. ಗ್ರ್ಯಾಂಡಿನ್ ಇದನ್ನು ಚಿತ್ರ ಬರೆದು ವಿವರಿಸಿದ್ದಾರೆ, ಪಶುವೈದ್ಯ ಕಾಲೇಜುಗಳಲ್ಲಿ ಓದ್ತಾರೆ. ಮ್ಯಾಸನಾಯಕರ ಹಟ್ಟಿಯ ಹುಡುಗ ಶಾಲೆಗೆ ಸೇರೋ ಮೊದಲೇ ಇದನ್ನು ಕಲಿತಿರ್ತಾನೆ. ಗೋವಿನ ಹಾಡಿನ ಗೊಲ್ಲ ಹಸುಗಳನ್ನು ಹೆಸರು ಹಿಡಿದು ಕರೆಯೋದು ಕಥೆಯ ಅಲಂಕಾರ ಅಂದುಕೊಂಡಿದ್ದೀವಿ. ಅಲ್ಲ, ಅದು ಕಸುಬು. ಈ ಕಸುಬು ಗೊತ್ತಿರೋ ಜನ ನಮ್ಮಲ್ಲೇ ಇದ್ದಾರೆ. ಸಂತೆಯಲ್ಲಿ, ಗೋಶಾಲೆಯಲ್ಲಿ, ಎಮ್ಮೆ ಕಡಿಯೋ ಪರವಾನಗಿ ಇರೋ ಜಾಗದಲ್ಲಿ ದನ ಹಿಡಿಯುವವರಿಗೆ ಎರಡು ದಿನದ ತರಬೇತಿ ಕೊಡಿ ಅಂತ ಯಾರಾದರೂ ಒಬ್ಬ ಕಿಲಾರಿಯನ್ನು ಸಂಬಳ ಕೊಟ್ಟು ಕರೆದಿದ್ದಾರಾ?

ಗೋಶಾಲೆ ಅಂತ ಯಾಕೆ ಸೇರಿಸಿದೆ ಅಂದರೆ, ನೋವಿಗೆ ಪಕ್ಷ ಇಲ್ಲ. ಪೊಲೀಸರು ಲಾರಿ ಹಿಡಿದರು ಅಂದುಕೊಳ್ಳಿ. ದನ ‘ರಕ್ಷಣೆ’ ಆಯ್ತು ಅಂತ ಸುದ್ದಿ ಹೋಗುತ್ತೆ. ಆಮೇಲೆ? ಠಾಣೆ ಮುಂದೆ ನಿಂತ ಆ ಲಾರಿಯಿಂದ ಅವನ್ನು ಯಾರು ಇಳಿಸ್ತಾರೆ, ಹೇಗೆ ಇಳಿಸ್ತಾರೆ? ಲಾರಿಯಿಂದ ನೆಲಕ್ಕೆ ನಾಲ್ಕು ಅಡಿ. ರಾತ್ರಿಯೆಲ್ಲ ನಿಂತು ಕಾಲು ಮರಗಟ್ಟಿದ ಎತ್ತು ಅಲ್ಲಿಂದ ಹಾರಬೇಕು. ಹಾರದಿದ್ದರೆ ತಳ್ಳಬೇಕು. ಕಳ್ಳಸಾಗಣೆಯಲ್ಲಿ ಮುರಿಯದ ಕಾಲು ರಕ್ಷಣೆಯಲ್ಲಿ ಮುರಿಯುತ್ತೆ.

ಹತ್ತು ರೂಪಾಯಿಯನ್ನು ಹತ್ತು ಸಾವಿರ ಮಾಡೋದು ಸಂಸತ್ತಿನ ಕೆಲಸ. ಅದಕ್ಕೆ ಕಾಯುತ್ತಾ ಕೂರಬೇಕಾಗಿಲ್ಲ. ದನ ಹತ್ತಿಸೋಕೆ ಸರಿಯಾದ ಕಟ್ಟೆ ಇರಬೇಕು ಅಂತ 1978ರ ನಿಯಮವೇ ಹೇಳುತ್ತೆ. ಚಳ್ಳಕೆರೆ ಕುರಿ ವ್ಯಾಪಾರಕ್ಕೆ ಹೆಸರಾದ ಊರು, ಲಾರಿಗಟ್ಟಲೆ ಕುರಿ ಅಲ್ಲಿಂದ ಕಾನೂನುಬದ್ಧವಾಗಿಯೇ ಹೋಗುತ್ತೆ. ಅವಕ್ಕೂ ಇದು ಬೇಕು. ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕೋಣ. ಗ್ರ್ಯಾಂಡಿನ್ ಹೇಳುವ ಅಳತೆಯಲ್ಲಿ ಒಂದು ಮೆಟ್ಟಿಲಿನ ಎತ್ತರ ಮೂರೂವರೆ ಇಂಚು, ಅಗಲ ಹನ್ನೆರಡು ಇಂಚು. ನಾಲ್ಕು ಅಡಿ ಏರೋಕೆ ಹದಿನಾಲ್ಕು ಮೆಟ್ಟಿಲು. ಅಂದರೆ ಹದಿನಾಲ್ಕು ಅಡಿ ಉದ್ದದ ಒಂದು ಕಟ್ಟೆ, ಎರಡೂ ಪಕ್ಕಕ್ಕೆ ಸಂದಿಯಿಲ್ಲದ ಗೋಡೆ, ಮೆಟ್ಟಿಲ ಮೇಲೆ ಗೊರಸು ಜಾರದ ಹಾಗೆ ಗೀರು. ಸಿಮೆಂಟ್ ಬೇಕಾಗಿದ್ದು ಸ್ವಲ್ಪ. ಕಲ್ಲಿಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಬರ ಇಲ್ಲ. ಚಳ್ಳಕೆರೆ ಸಂತೆ ಮೈದಾನದಲ್ಲಿ ಒಂದು, ಮೊಳಕಾಲ್ಮೂರಿನಲ್ಲಿ ಒಂದು, ಬಳ್ಳಾರಿ ರಸ್ತೆಯ ರಾಂಪುರದಲ್ಲಿ ಇನ್ನೊಂದು. ಮೂರು ಕಟ್ಟೆಗೆ ಎಷ್ಟು ಖರ್ಚಾಗುತ್ತೆ ಅಂತ ಪಂಚಾಯಿತಿಯ ಇಂಜಿನಿಯರ್ ಒಂದು ಮಧ್ಯಾಹ್ನದಲ್ಲಿ ಅಂದಾಜು ಹಾಕಬಹುದು. ಹಾಕಿದರೆ ಆ ಕಾಗದವನ್ನು ಇದೇ ಸ್ಕ್ರೀನ್ ಮೇಲೆ ತೋರಿಸ್ತೀನಿ.